ಒಲ್ಲೆ ಎಂದವಳ ಪಂಚಾಯ್ತಿ

ಕಪ್ಪತಗುಡ್ಡ, ಅಳಿಕೆಯ ನಂತರದ ಇನ್ನೂರ ಹನ್ನೊಂದನೇ ವರ್ಷ, ಹದಿಮೂರನೇ ತಿಂಗಳು

ಚಿತ್ರ ತೆಗೆಯುವ, ನೋಡುವ ಹಿರಿಯರಿಗೆ ಶಾವಂತ್ರಿಯ ನಮಸ್ಕಾರ.

ನಿಮ್ಮಲ್ಲಿ ಹದಿಮೂರನೇ ತಿಂಗಳು ಇರಲಿಲ್ಲವೆಂದು ಬಲ್ಲೆ. ಬೇಸಿಗೆ ಉದ್ದವಾದಂತೆ ನಮ್ಮವರು ಒಂದು ತಿಂಗಳು ಸೇರಿಸಿಕೊಂಡರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಾನು ಕಲಿತ ಕನ್ನಡದಲ್ಲಿ ಅರ್ಧ ನನ್ನ ಅವ್ವನದು, ಅರ್ಧ ನಿಮ್ಮ ಸಿನಿಮಾಗಳದು.

ಅಳಿಕೆ ಎಂದರೆ ಯಂತ್ರಗಳ ನೆನಪು ಅಳಿಸಿಹೋದ ಕಾಲ. ಕಾನೂನು, ಚರಿತ್ರೆ, ಪುಸ್ತಕ ಎಲ್ಲವನ್ನೂ ನಿಮ್ಮ ಮರಿಮಕ್ಕಳು ಯಂತ್ರಗಳಲ್ಲೇ ಇಟ್ಟಿದ್ದರು. ಅದು ಹೋದ ಮೇಲೆ ಉಳಿದದ್ದು, ಯಾರೋ ಟೂರಿಂಗ್ ಟಾಕೀಸಿನ ಸಾಹುಕಾರನೊಬ್ಬ ಈ ಗುಡ್ಡದ ಗುಹೆಯಲ್ಲಿ ಕೂಡಿಟ್ಟಿದ್ದ ರೀಲುಗಳು ಮಾತ್ರ. ದಿಕ್ಕು ತಪ್ಪಿದ ಜನ ಅವನ್ನು ನೋಡಿಯೇ ಬದುಕನ್ನು ಮತ್ತೆ ಕಟ್ಟಿಕೊಂಡರು. ಹಿರಿಯರ ಕಾಲಿಗೆ ಬೀಳುವುದು, ಆರತಿ ಎತ್ತುವುದು, ಸತ್ತವನ ಮುಂದೆ ಹೆಂಡತಿಯ ಬಳೆ ಒಡೆಯುವುದು, ಎಲ್ಲ ಅಲ್ಲಿಂದಲೇ ಬಂತು. ನಮ್ಮಲ್ಲಿ ಕಪ್ಪು ಬಣ್ಣದವರಿಗೆ ಊರಿನ ಕಾವಲು ಒಪ್ಪಿಸುವುದಿಲ್ಲ, ಏಕೆಂದರೆ ಚಿತ್ರಗಳಲ್ಲಿ ಕಳ್ಳರೆಲ್ಲ ಕಪ್ಪಗಿದ್ದಾರೆ. ಎದುರು ಮಾತಾಡಿದ ಸೊಸೆ ಕಡೆಯ ರೀಲಿನಲ್ಲಿ ಕ್ಷಮೆ ಕೇಳುತ್ತಾಳಲ್ಲ, ಹಾಗೆ ವರ್ಷದ ಕೊನೆಗೆ ಊರಿನ ಸೊಸೆಯಂದಿರೆಲ್ಲ ಸಾಲಾಗಿ ನಿಂತು ಕ್ಷಮೆ ಕೇಳುತ್ತಾರೆ. ನಾವು ಮನೆಯಲ್ಲಿ ಆಡುವ ಮಾತನ್ನು ಚಿತ್ರಗಳಲ್ಲಿ ನಗಿಸುವವರಷ್ಟೇ ಆಡುತ್ತಾರೆ. ಆದ್ದರಿಂದ ಪರದೆಕಟ್ಟೆ ಏರಿದಾಗ ಆ ಮಾತನ್ನು ಬಿಡುತ್ತೇವೆ. ಪರದೆಕಟ್ಟೆ ನಮ್ಮ ನ್ಯಾಯದ ಜಾಗ. ನಾನು ಅಲ್ಲಿಯ ಚಿತ್ರವಾಚಕಿ. ವ್ಯಾಜ್ಯ ಬಂದಾಗ, ಅಂಥ ಹೊತ್ತಿನಲ್ಲಿ ಹಿಂದಿನವರು ಏನು ಮಾಡಿದ್ದರೆಂದು ರೀಲು ಹುಡುಕಿ ತೋರಿಸುವುದು ನನ್ನ ಕೆಲಸ.

ನನ್ನ ತಂಗಿ ದ್ಯಾಮಿ ಕರೆಂಟು ಕೊಡುವ ಗಾಳಿ ಫ್ಯಾನುಗಳ ಕಂಬ ಹತ್ತಿ ರಿಪೇರಿ ಮಾಡುತ್ತಿದ್ದಳು. ಎತ್ತರವೆಂದರೆ ಅವಳಿಗೆ ಖುಷಿ. ಮೇಲಿಂದ ನಕ್ಕರೆ ಕೆಳಗಿನ ಓಣಿಗೆ ಕೇಳುತ್ತಿತ್ತು. ಉಪ್ಪಿನ ವ್ಯಾಪಾರಿಯ ಮಗ ಕಲ್ಮೇಶ ಅವಳನ್ನು ಮೆಚ್ಚಿದ. ಅವಳು ಒಲ್ಲೆ ಎಂದಳು. ಮರುದಿನವೂ ಬಂದ. ದಾರಿಗೆ ಅಡ್ಡ ನಿಂತ, ಕೈ ಹಿಡಿದ, ಒಂದು ಸಂಜೆ ಅವಳು ಮೇಲಿದ್ದಾಗ ಕಂಬದ ಏಣಿ ತೆಗೆದು ಕೆಳಗೆ ನಿಂತು ಹಾಡಿದ. ಊರವರು ಸುತ್ತ ಸೇರಿ ತಾಳ ಹಾಕಿದರು. ಇದನ್ನು ನಮ್ಮಲ್ಲಿ ಬೆನ್ನತ್ತು ಎನ್ನುತ್ತಾರೆ. ತಪ್ಪಲ್ಲ, ಮದುವೆಯ ಮೊದಲ ಶಾಸ್ತ್ರ.

ಏಣಿ ಮರಳಿ ಸಿಕ್ಕ ಮೇಲೆ ದ್ಯಾಮಿ ಇಳಿದು ಬಂದು, ಒಲೆಯ ಮುಂದೆ ಮೊಣಕಾಲು ತಬ್ಬಿ ಕೂತಳು.

"ಅಕ್ಕಾ, ನಾ ಹೇಳಿದ್ದು ಅವಂಗ ಕೇಳಿಸ್ಲಿಲ್ಲೇನು?"

"ಕೇಳಿಸೇತಿ."

"ಮತ್ತ?"

ನಾನು ಒಲೆಗೆ ಇನ್ನೊಂದು ಕಟ್ಟಿಗೆ ಒಡ್ಡಿದೆ. ಬೆಳಗಾಗುತ್ತಲೇ ಅವಳು ಪರದೆಕಟ್ಟೆಗೆ ಹೋಗಿ ದೂರು ಕೊಟ್ಟಳು. ಬೆನ್ನತ್ತಿನ ಮೇಲೆ ದೂರು ಕೊಟ್ಟವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಕಟ್ಟೆಯ ಹಿರಿಯ ಫಕೀರಪ್ಪಜ್ಜ ಕೆಟ್ಟವನಲ್ಲ. ದ್ಯಾಮಿ ಕೂಸಾಗಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದವನು. ದೂರು ಕೇಳಿ, ಸಿನಿಮಾದ ಕನ್ನಡದಲ್ಲಿ ಮೆತ್ತಗೆ ಹೇಳಿದ: "ಮಗಳೇ, ಒಲ್ಲೆ ಅನ್ನೋದು ಇಂಟರ್‌ವಲ್‌ಗೆ ಮುಂಚಿನ ಮಾತು. ಎಲ್ಲ ನಾಯಕಿಯರೂ ಆಡಿದ್ದಾರೆ. ಇಂಟರ್‌ವಲ್ ಆದ ಮೇಲೆ ನೀನೇ ನಗುತ್ತೀಯ."

"ನನ್ನ ಬಾಳಿಗೆ ಇಂಟರ್‌ವಲ್ ಇಲ್ಲಜ್ಜಾ," ಎಂದಳು ದ್ಯಾಮಿ, ಮನೆಯ ಮಾತಿನಲ್ಲೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಅಜ್ಜ ನನ್ನತ್ತ ತಿರುಗಿದ. "ವಾಚಕಿ, ಹೆಣ್ಣು ಒಲ್ಲೆ ಎಂದಾಗ ಗಂಡು ಸುಮ್ಮನೆ ಹೋದದ್ದು ಎಲ್ಲಾದರೂ ಇದ್ದರೆ ತಂದು ತೋರಿಸು. ಇವಳನ್ನು ಬಿಡಿಸುತ್ತೇನೆ."

ನಾನು ಗುಹೆ ಹೊಕ್ಕೆ. ಆ ಚಿತ್ರಗಳನ್ನು ಹುಟ್ಟಿದಾಗಿನಿಂದ ನೋಡಿದ್ದೆ, ಹಾಡುಗಳಿಗೆ ಕುಣಿದಿದ್ದೆ. ಈಗ ದ್ಯಾಮಿಗಾಗಿ ಒಂದೊಂದನ್ನೇ ಮತ್ತೆ ಓಡಿಸಿ ನೋಡಿದೆ. ಬೆನ್ನತ್ತಿದ ನಾಯಕನ ಕೆನ್ನೆಗೆ ಹೊಡೆದವಳು ಅದೇ ಕೈಗೆ ಅವನ ಹೆಸರಿನ ಮದರಂಗಿ ಹಚ್ಚಿಕೊಂಡಳು. ಓದಿದವಳು, ದುಡಿಯುವವಳು, ಪ್ಯಾಂಟು ತೊಟ್ಟವಳು ಗಟ್ಟಿಯಾಗಿ ಒಲ್ಲೆ ಎಂದರು. ಅವರ ಸೊಕ್ಕು ಮುರಿಯುವುದೇ ಕಥೆಯಾಗಿತ್ತು. ಕಡೆಯವರೆಗೂ ಒಪ್ಪದವಳು ಒಂದೋ ಸತ್ತಳು, ಇಲ್ಲವೇ ಕೆಟ್ಟವಳೆನಿಸಿದಳು.

ಕೊನೆಗೆ ಒಂದು ಸಿಕ್ಕಿತು. ಸೋಡಾ ಮಾರುವವನೊಬ್ಬ ಹೂವಾಡಗಿತ್ತಿಯನ್ನು ಮದುವೆಯಾಗ್ತೀಯೇನು ಎಂದು ಕೇಳುತ್ತಾನೆ. ಅವಳು ಒಲ್ಲೆನೆಂದು ತಲೆಯಾಡಿಸುತ್ತಾಳೆ. "ಆತು ಬಿಡವಾ, ನಿನ್ನ ಮನಸಿಗೆ ಬ್ಯಾಡಂದ್ರ ಬ್ಯಾಡ," ಎಂದು ಅವನು ಗಾಡಿ ತಳ್ಳಿಕೊಂಡು ಹೋಗುತ್ತಾನೆ. ನಾನು ಓಡಿಹೋಗಿ ದ್ಯಾಮಿಯನ್ನು ತಬ್ಬಿಕೊಂಡೆ.

ಊರೆಲ್ಲ ಕೂಡಿದಾಗ ಆ ತುಣುಕು ಪರದೆಯ ಮೇಲೆ ಓಡಿತು. ಸೋಡಾದವನು ಕಪ್ಪಗೆ, ದಪ್ಪಗೆ ಇದ್ದ. ಬಾಯಿ ತೆರೆದರೆ ನಮ್ಮ ಮಾತು. ಗಾಡಿ ತಿರುಗಿಸುವಾಗ ಅವನ ಲುಂಗಿ ಸಿಕ್ಕಿ ಕಳಚಿತು, ಹಿನ್ನೆಲೆಯಲ್ಲಿ ನಗಿಸುವ ಪೀಪಿ ಊದಿತು, ಹೂವಾಡಗಿತ್ತಿ ಬಾಯಿಗೆ ಸೆರಗಿಟ್ಟುಕೊಂಡಳು. ಜನ ಬಿದ್ದು ಬಿದ್ದು ನಕ್ಕರು. ಕಲ್ಮೇಶನೂ ನಕ್ಕ. ಅಜ್ಜ ಕಣ್ಣೊರೆಸಿಕೊಂಡು, "ಇದು ಹಾಸ್ಯ ಕಣಮ್ಮಾ. ಬಿಟ್ಟು ಹೋದವನು ಗಂಡಸೇ ಅಲ್ಲ ಅಂತ ಹೇಳೋಕೆ ತೆಗೆದದ್ದು," ಎಂದ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದನ್ನೇ ನಾನು ನಿಮಗೆ ತಿಳಿಸಬೇಕಾಗಿದೆ.

ದೂರು ಅಲ್ಲಿಗೇ ಬಿದ್ದುಹೋಯಿತು. ಮದುವೆಯಲ್ಲಿ ದ್ಯಾಮಿ ಅತ್ತಳು. ಮದುಮಗಳು ಹೀಗೆಯೇ ಅಳಬೇಕೆಂದು ಎಲ್ಲರೂ ಮೆಚ್ಚಿದರು. ನಿಮ್ಮ ಚಿತ್ರಗಳು ಅಲ್ಲಿಗೆ ಮುಗಿಯುತ್ತವೆ. ಆಮೇಲೆ ಅವಳಿಗೇನಾಯಿತೆಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಆದರೂ ನಾನು ಹೋದೆ. "ಆರಾಮದಾಳ್ರಿ ಅಕ್ಕಾರ," ಎಂದು ಕಲ್ಮೇಶ ಬಾಗಿಲಲ್ಲೇ ನಿಂತ. ಅವನ ಹಿಂದೆ ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು.

"ದ್ಯಾಮೀ, ಕಂಬ ಹತ್ತಾಕ ಬರ್ತಿಯೇನು?" ಎಂದೆ.

ಅವಳು ಮೊದಲು ಗಂಡನ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ತಲೆ ಓರೆ ಮಾಡಿ, ಸದ್ದಿಲ್ಲದೆ ನಕ್ಕಳು. ಅದು ಅವಳ ನಗುವಲ್ಲ. ಇಂಟರ್‌ವಲ್ ಆದ ಮೇಲೆ ನಿಮ್ಮ ನಾಯಕಿಯರೆಲ್ಲ ನಗುವ ನಗು.

ಕಂಬಗಳ ಮೇಲೆ ಅವಳ ಜೊತೆ ದುಡಿದವರು ಮಾತನ್ನು ಹಿಂದಿನ ಕಾಲಕ್ಕೆ ಕಳಿಸುವ ಸಂದೊಂದನ್ನು ಕಂಡುಕೊಂಡಿದ್ದಾರೆ. ವಸ್ತು ಹೋಗದು, ಮಾತಷ್ಟೇ ಹೋಗುತ್ತದೆ. ಇದು ನಿಮಗೆ ಮುಟ್ಟಿದರೆ, ನಿಮ್ಮ ಕಾಲದಲ್ಲಿ ಆ ಗುಹೆ ಇನ್ನೂ ತೆರೆದಿದೆ, ಹೊಸ ರೀಲು ಅಲ್ಲಿ ಸೇರಬಹುದು ಎಂದರ್ಥ. ಒಂದು ಚಿತ್ರ ತೆಗೆಯಿರಿ. ಅವಳು ಒಲ್ಲೆ ಎನ್ನಲಿ. ಅವನು ಸರಿ ಎಂದು ಹೋಗಲಿ, ಎದೆ ನೊಂದರೂ ನೆಟ್ಟಗೆ ನಡೆದು ಹೋಗಲಿ. ಪೀಪಿ ಊದಬೇಡಿ. ಥೇಟರಿನಲ್ಲಿ ಕೂತವರೂ ದಯವಿಟ್ಟು ಅಲ್ಲಿ ನಗಬೇಡಿ, ಏಕೆಂದರೆ ನಗು ಸಿಕ್ಕಿದ ಕಡೆಗೇ ಮುಂದಿನ ಚಿತ್ರವೂ ಹೋಗುತ್ತದೆ.

ಬರುವ ವಾರ ಇನ್ನೊಬ್ಬ ಹುಡುಗಿ ಕಟ್ಟೆ ಏರುತ್ತಾಳೆ. ದ್ಯಾಮಿ ದೂರು ಕೊಟ್ಟದ್ದನ್ನು ನೋಡಿ ಧೈರ್ಯ ಬಂತಂತೆ. ಅವಳ ತಾಯಿ ನಿನ್ನೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಏನರ ಸಿಕ್ತೇನವಾ?" ಎಂದು ಕೇಳಿದಳು.

"ಹುಡುಕಾಕತ್ತೇನಿ," ಎಂದೆ.

ಗುಹೆಯಲ್ಲಿ ನಾನು ನೋಡದ ಚಿತ್ರ ಒಂದೂ ಉಳಿದಿಲ್ಲ.