ಹದಿನಾಲ್ಕು ಪ್ರಬಂಧಗಳಲ್ಲಿ ಒಂದೇ ಹೆಸರು

ಕುಲಪತಿಗಳೇ,

ಈ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ನೀನು ಎಂದೇ ಕರೆಯುವುದು. ನಾನು ನೀವು ಎನ್ನುತ್ತಿದ್ದೇನೆ. ಮರ್ಯಾದೆಗಲ್ಲ, ನೀವು ಅಷ್ಟು ದೂರ ಹೋಗಿಬಿಟ್ಟಿದ್ದೀರಿ. ಈ ಶುಕ್ರವಾರ, ಗಣಕಯಂತ್ರದ ಮೇಲೆ ಎಲ್ಲರ ಲೆಕ್ಕ ಓಡಿಸುವ ಸಿಗ್ನೆಯನ್ನು ಕೆಲಸದಿಂದ ಕಳಿಸುತ್ತಿದ್ದೀರಿ. ಅದು ತಪ್ಪು. ಇದನ್ನು ಮೂರು ಸಲ ಬರೆದು ಹರಿದೆ, ಹೆದರಿಕೆ. ಹರಿದ ಮೇಲೂ ನಿದ್ದೆ ಬರಲಿಲ್ಲ.

ನಾನು ನಿಮ್ಮ ವಿಜ್ಞಾನ ಕಟ್ಟಡದ ಉಸ್ತುವಾರಿಯವನು. ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟು ಸಾಮಿಲ್ಲಿಗೆ ಸೇರಿದವನು. ಪಿಎಚ್‌ಡಿ ಮುಗಿಸಿದ ಮಕ್ಕಳು ಪ್ರಬಂಧವನ್ನು ಇಲ್ಲಿನ ಹಳೆಯ ಪದ್ಧತಿಯಂತೆ ಎಲ್ಲರಿಗೂ ಕಾಣುವ ಹಾಗೆ ಹಜಾರದ ಹಲಗೆಗೆ ಮೊಳೆ ಹೊಡೆದು ಸಿಕ್ಕಿಸಲು ಬರುತ್ತಾರಲ್ಲ, ಆ ಪುಸ್ತಕದ ಮೂಲೆಗೆ ತೂತು ಕೊರೆದು ಕೈಗೆ ಸುತ್ತಿಗೆ ಕೊಡುವವನು ನಾನು. ಕೊರೆಯುವ ಮೊದಲು ಒಂದು ಪುಟ ಓದುತ್ತೇನೆ, ಕೃತಜ್ಞತೆಯದು. ಮಿಕ್ಕದ್ದು ನನ್ನ ತಲೆಗೆ ಹತ್ತುವುದಿಲ್ಲ. ಒಂಬತ್ತು ವರ್ಷದಲ್ಲಿ ಹದಿನಾಲ್ಕು ಪ್ರಬಂಧ. ನದಿಯವರದು, ಹಿಮದವರದು, ಕಾಡಿನವರದು, ಗಣಿತದವರದು. ಎಲ್ಲದರಲ್ಲೂ ಅದೇ ಮಾತು: ಸಿಗ್ನೆ ಇಲ್ಲದಿದ್ದರೆ ಈ ಲೆಕ್ಕ ನಡೆಯುತ್ತಲೇ ಇರಲಿಲ್ಲ. ನಿಮ್ಮ ಮೌಲ್ಯಮಾಪನ ಸಮಿತಿ ಆ ಪುಟ ಓದುವುದಿಲ್ಲವೇ? ಅಥವಾ ಹೆಚ್ಚು ಓದಿದವರ ಕಣ್ಣಿಗೆ ಅದು ಬೀಳುವುದಿಲ್ಲವೇ?

ವಸಂತದಲ್ಲಿ ನಮ್ಮ ನದಿಯ ಮಂಜುಗಡ್ಡೆ ಯಾವತ್ತು ಒಡೆಯುತ್ತದೆ, ಎಲ್ಲಿ ಕಟ್ಟಿಕೊಂಡು ನೀರನ್ನು ಊರೊಳಗೆ ನುಗ್ಗಿಸುತ್ತದೆ ಎಂದು ಈ ನಾಲ್ಕು ವಿಭಾಗದವರು ಸೇರಿ ಲೆಕ್ಕ ಹಾಕುತ್ತಾರೆ. ಒಬ್ಬೊಬ್ಬರಿಗೆ ತಂತಮ್ಮ ತುಂಡು ಗೊತ್ತು. ಆ ತುಂಡುಗಳನ್ನು ಹೊಲಿದು ದೊಡ್ಡ ಗಣಕಯಂತ್ರದ ಮೇಲೆ ಓಡಿಸುವವಳು ಸಿಗ್ನೆ ಒಬ್ಬಳೇ. ಎರಡು ವರ್ಷದ ಹಿಂದೆ ಆ ಲೆಕ್ಕ ನಂಬಿ ನನ್ನ ತಂಗಿ ಮೈಬ್ರಿಟ್ ಕುರಿಗಳನ್ನು ಹೊಡೆದುಕೊಂಡು ಗುಡ್ಡ ಹತ್ತಿದಳು. ಮೂರನೆಯ ದಿನ ಅವಳ ಅಡುಗೆಮನೆಯಲ್ಲಿ ಆಳೆತ್ತರದ ಮಂಜುಗಡ್ಡೆ ನಿಂತಿತ್ತು. ತಂಗಿ ಬದುಕಿದ್ದಾಳೆ. ಇದನ್ನು ಯಾವ ವಿಭಾಗದ ಸಾಧನೆ ಎಂದು ಬರೆದುಕೊಂಡಿರಿ?

ಈಗ ನಿಮ್ಮ ಹೊಸ ನಿಯಮ: ಪ್ರತಿ ನೌಕರನೂ ಒಂದೇ ವಿಭಾಗಕ್ಕೆ ಸೇರಿರಬೇಕು. ಸಿಗ್ನೆಯನ್ನು ಯಾವ ವಿಭಾಗ ಸೇರಿಸಿಕೊಳ್ಳುತ್ತದೆ ಎಂದು ಕೇಳಲು ಕರೆದ ಸಭೆಗೆ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟವನು ನಾನೇ. ಇಟ್ಟು ಹೋಗಬೇಕಿತ್ತು, ನಿಂತೆ.

"ಅವಳಿಲ್ದೆ ನಮಗೆ ಕೈಕಾಲೇ ಆಡಲ್ಲ," ಅಂದರು ನದಿ ವಿಭಾಗದ ಮುಖ್ಯಸ್ಥರು. "ಆದ್ರೆ ಅವಳು ನದಿಯವಳಲ್ವಲ್ಲ."

"ನಮ್ಮಲ್ಲಿ ಹೊಸ ಪ್ರಮೇಯ ಬೇಕು," ಅಂದರು ಗಣಿತದವರು. "ಇವಳು ಬರೀ ಓಡೋ ಹಾಗೆ ಮಾಡ್ತಾಳೆ."

"ಬರೀನಾ?" ಅಂದಳು ಸಿಗ್ನೆ. "ಹೋದ ಏಪ್ರಿಲ್‌ನಲ್ಲಿ ನಿನ್ನ ಪ್ರಮೇಯ ಯಂತ್ರದಲ್ಲಿ ಓಡದೆ ನಾಲ್ಕು ದಿನ ಮಕಾಡೆ ಮಲಗಿತ್ತಲ್ಲ ಮಹಾರಾಯ, ಎಬ್ಬಿಸಿದ್ದು ಯಾರು?"

ಎಲ್ಲರೂ ನಕ್ಕರು. ಹಿಮದವರೂ ಕಾಡಿನವರೂ ಬನ್ನು ತಿಂದರು. ಯಾರೂ ಕೈ ಎತ್ತಲಿಲ್ಲ.

ಹೊಸ ಯಂತ್ರಕ್ಕೆ ತಂಪು ಕೋಣೆ ಕಟ್ಟಿಸಿದಿರಿ, ರಿಬ್ಬನ್ ಕತ್ತರಿಸಿದಿರಿ. 'ಗಡಿಗಳಿಲ್ಲದ ವಿಜ್ಞಾನ' ಎಂಬ ಫಲಕವನ್ನು ಏಣಿ ಹತ್ತಿ ಕಟ್ಟಿದವನೂ ನಾನೇ. ಗಡಿಯಿಲ್ಲದೆ ದುಡಿದವಳಿಗೆ ಮಾತ್ರ ಒಂದು ಕುರ್ಚಿ ಇಲ್ಲ! ಯಂತ್ರ ತಾನೇ ಹೋಗಿ ಹಿಮದವರನ್ನೂ ಕಾಡಿನವರನ್ನೂ ಮಾತಾಡಿಸುತ್ತದೆ ಅಂದುಕೊಂಡಿರಾ?

ನಿನ್ನೆ ಅವಳ ಪೆಟ್ಟಿಗೆ ಕಟ್ಟಿಕೊಡಲು ಹೋಗಿದ್ದೆ. "ಪತ್ರಗಿತ್ರ ಬರೀಬೇಡ ಎಸ್ಕಿಲ್, ನಿನ್ನ ಕೆಲಸಕ್ಕೂ ಕುತ್ತು," ಅಂದಳು. "ಬರೋ ವಸಂತಕ್ಕೆ ಯಾರು ಓಡಿಸ್ತಾರೆ?" ಅಂದೆ. ಕಿಟಕಿ ಕಡೆ ತಿರುಗಿಕೊಂಡಳು. ನಾನು ಪೆಟ್ಟಿಗೆಗೆ ಟೇಪು ಸುತ್ತುತ್ತಲೇ ಇದ್ದೆ, ಬೇಕಾದ್ದಕ್ಕಿಂತ ಹೆಚ್ಚು.

ನನ್ನ ಬೇಡಿಕೆ ಇಷ್ಟು. ಯಾವ ವಿಭಾಗದ್ದೂ ಅಲ್ಲದ, ಇಡೀ ವಿಶ್ವವಿದ್ಯಾಲಯದ್ದಾದ ಒಂದು ಕಾಯಂ ಹುದ್ದೆ ಮಾಡಿ ಅವಳನ್ನು ಉಳಿಸಿಕೊಳ್ಳಿ. ಪಕ್ಕದಲ್ಲಿ ಕೂತು ಕಲಿಯಲು ಇಬ್ಬರನ್ನು ಕೊಡಿ. ಅವರ ಕೆಲಸವನ್ನೂ ಕೆಲಸವೆಂದು ಎಣಿಸಿ.

ಆಗದಿದ್ದರೆ ಇನ್ನೊಂದು. ಅವಳ ಬಾಗಿಲಿನ ಹೆಸರಿನ ಫಲಕವನ್ನು ಶುಕ್ರವಾರ ಬಿಚ್ಚಬೇಕೆಂದು ನನಗೆ ಆದೇಶ ಬಂದಿದೆ. ಎರಡೇ ತಿರುಪು. ನನ್ನ ಕೈಲಾಗುವುದಿಲ್ಲ. ನೀವೇ ಬಂದು, ಅವಳೆದುರು ನಿಂತು ಬಿಚ್ಚಿ.

ಇಂತಿ,
ಶುಕ್ರವಾರದ ನಂತರ ತಾನೂ ಇರುತ್ತಾನೋ ಇಲ್ಲವೋ ತಿಳಿಯದ ಉಸ್ತುವಾರಿ,
ಎಸ್ಕಿಲ್ ನೂರ್ಲೀನ್