ಕೌದಿ ಇಳಿಸಿದ ಮಂಟಪ

೧೨ ಫೆಬ್ರುವರಿ ೧೯೮೩, ಶನಿವಾರ

ಗುಡಿ ಕಮಿಟಿ ಅಧ್ಯಕ್ಷ ರಾಚಪ್ಪನ ತಲಿಯೊಳಗ ಏನೈತೋ ಆ ಬಸವಣ್ಣಗ ಗೊತ್ತು. ಭಜನಿ ಟೇಪ್ ಮಾಡೂಮುಂದ ಗುಡೂರ ಕಲ್ಲುಮಂಟಪದಾಗ ದನಿ ಗುಂಯ್ ಅಂತೈತಿ ಅಂತ ನಾ ಮುಂಜಾನಿಂದ ಗೋಡಿಗೆಲ್ಲ ಹೊಚ್ಚಿಕೊಳ್ಳೂ ದಪ್ಪ ಕೌದಿ ಕಟ್ಟಿದ್ದೆ. ಈ ಮಹಾಶಯ ಬಂದವನ, “ಫೋಟೋದಾಗ ಬಾಣಂತಿ ಕೋಣಿಯಂಗ ಕಾಣ್ತೈತಿ, ಇಳಸ್ರಿ” ಅಂದ. ಇಳಿಸಿದರು. ಫೋಟೋದಾಗ ಅವನ ತಲಿಮ್ಯಾಲಿನ ಪಟಕಾ ಚೆಂದ ಬಂದಿರಬೇಕು. ಟೇಪಿನಾಗ ಮಾತ್ರ ಇಪ್ಪತ್ತು ಹೆಣ್ಮಕ್ಕಳ ಭಜನಿ ಹಿಟ್ಟಿನ ಗಿರಣಿ ಆಗೈತಿ.

ಸೋಮವಾರ ತಂಗಿ ಸಾವಿತ್ರೆವ್ವನ ಗಂಟಲ ಆಪರೇಶನ್. ಆಮ್ಯಾಲ ಹಾಡೂದು ಆಗೂದಿಲ್ಲ ಅಂದಾರ ಡಾಕ್ಟರು. ಅದಕ್ಕಂತನ ಆಕಿ ಭಜನಿ ಮೇಳದ ಈ ಟೇಪು. ಇನ್ನೊಮ್ಮೆ ಹಾಡಾಕ ಆಕಿಗೆ ತ್ರಾಣಿಲ್ಲ.

ಸಂಜಿಮುಂದ ಆಕಿ ಮುಂದ ಟೇಪು ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದಳು.

“ಅಣ್ಣಾ, ಇದರಾಗ ನಾ ಯಾವಕಿ?”

“ಇಕಾ, ಈಗ ಏರಿತಲ್ಲ, ಅದು ನೀನ” ಅಂದೆ.

ಅದು ಯಾರ ದನಿಯೋ ನನಗೂ ತಿಳೀಲಿಲ್ಲ.