ಅಳಿಸಿಹೋದ ಸರದಿ

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 11

ಮತ್ತೆ ನಮ್ಮ ರೈತರ ಕಂಪನಿಯ ವೆಬ್‌ಸೈಟಿನ ಸರ್ವರ್ ಪೂರ್ತಿ ಒರೆಸಿ ಇನ್‌ಸ್ಟಾಲ್‌ಗೆ ಹಾಕಿದ್ದೇನೆ. ಬದಲಾಯಿಸಬೇಕಾಗಿದ್ದು ಒಂದು ಬಟನ್‌ನ ಬಣ್ಣ. ಮ್ಯಾನೇಜರ್ ತೋಂಟದಾರ್ಯ ಸಾರ್‌ಗೆ ಹಸಿರು ಬೇಕಂತೆ. ಹೋದ ವರ್ಷ ಒಂದೇ ಫೈಲ್ ಬದಲಾಯಿಸಲು ಹೋಗಿ ಸೈಟೇ ಮಲಗಿತ್ತು. ಅವತ್ತಿನಿಂದ ಭಯ. ಏನೇ ಇರಲಿ, ಎಲ್ಲ ಅಳಿಸು, ಮೊದಲಿಂದ ಹಾಕು, ಹಿಂದಿನ ದಿನದ ಬ್ಯಾಕಪ್ ಸೇರಿಸು. ಮಧ್ಯಾಹ್ನದವರೆಗೆ ಸೈಟ್ ಬಂದ್. ಸಾರ್ ಕೇಳಿದರೆ ಸರ್ವರ್ ಕೊಟ್ಟಿರುವ ಬೆಂಗಳೂರಿನವರ ಕಡೆ ಪ್ರಾಬ್ಲಂ ಅನ್ನುತ್ತೇನೆ. ಈಗೀಗ ಸುಳ್ಳು ತಾನಾಗಿ ಬರುತ್ತದೆ.

ನವೆಂಬರ್ 10, ಸೋಮವಾರ

ದಂಡಿನಶಿವರದ ಸಿದ್ದಗಂಗಮ್ಮ ಆಫೀಸಿಗೆ ಬಂದಿದ್ದರು. ನಮ್ಮ ಸೈಟ್‌ನಲ್ಲಿ ತೆಂಗಿನಕಾಯಿ ಸುಲಿಯುವವರನ್ನು ಬುಕ್ ಮಾಡಿದ್ದರಂತೆ— ಹೋದ ಮಂಗಳವಾರ ಬೆಳಿಗ್ಗೆ. ಗುರುವಾರಕ್ಕೆ ಸರದಿ. ಸುಲಿಯುವವರು ಬೆಳಕು ಹರಿಯುವ ಮೊದಲೇ ಬರುತ್ತಾರಲ್ಲ, ಬುಧವಾರವೇ ಅಟ್ಟದಿಂದ ಕಾಯಿ ಇಳಿಸಿ ಅಂಗಳಕ್ಕೆ ಹಾಕಿಸಿದ್ದಾರೆ. ಯಾರೂ ಬರಲಿಲ್ಲ. ಬಂದಿದ್ದು ಜಡಿಮಳೆ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿ ನೆನೆದು ಹೋಯಿತು. ಒಡೆದು ನೋಡಿದರೆ ಕೊಬ್ಬರಿಗೆ ಬೂಷ್ಟು.

ಸಾರ್ ನನ್ನ ಕಡೆ ನೋಡಿದರು. ಆ ಕ್ಷಣವೇ ಗೊತ್ತಾಯಿತು. ಮಂಗಳವಾರದ ಬುಕಿಂಗ್ ಸೋಮವಾರದ ಬ್ಯಾಕಪ್‌ನಲ್ಲಿ ಎಲ್ಲಿರುತ್ತದೆ? ನಾನೇ ಅಳಿಸಿದ್ದೆ.

"ಅವರು ಒತ್ತೋದು ತಪ್ಪಿರಬೇಕು ಸಾರ್" ಅಂದೆ.

ಸಿದ್ದಗಂಗಮ್ಮ ವಾದ ಮಾಡಲಿಲ್ಲ. ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದ್ರೂ ಇರ್ಬೋದು ಕಣವ್ವ. ನಂಗೆ ಇವೆಲ್ಲ ಎಲ್ಲಿ ಗೊತ್ತಾಯ್ತವೆ."

ನನ್ನ ಮೇಲೆ ನನಗೇ ಅಸಹ್ಯ.

ನವೆಂಬರ್ 11

ಸಾರ್‌ಗೆ ಹೇಳಿಬಿಡೋಣ ಅಂತ ಎದ್ದೆ. ಫೋನಿನಲ್ಲಿದ್ದರು. ವಾಪಸ್ ಬಂದು ಕೂತೆ... ಅವರು ಫೋನಿನಲ್ಲಿದ್ದದ್ದು ನೆಮ್ಮದಿಯೇ ಆಯಿತು.

ನವೆಂಬರ್ 18, ಮಂಗಳವಾರ

ಜೊತೆಗೆ ಓದಿದ ಲಿಖಿತಾಗೆ ಫೋನ್ ಮಾಡಿದೆ. ಸಿದ್ದಗಂಗಮ್ಮನ ಸುದ್ದಿ ಎತ್ತಲಿಲ್ಲ. ಸರ್ವರ್ ವಿಷಯ ಮಾತ್ರ. ನಕ್ಕುಬಿಟ್ಟಳು. "ಒಂದು ಮೊಳೆ ಹೊಡೆಯೋಕೆ ಮನೇನೇ ಕೆಡವಿ ಕಟ್ತಿದ್ದೀಯಲ್ಲೇ."

ಹೇಳಿಕೊಟ್ಟಳು. ಹೊಸ ಕೋಡ್ ಬೇರೆ ಫೋಲ್ಡರ್‌ಗೆ ಹಾಕು. ಡೇಟಾಬೇಸ್ ಮುಟ್ಟಬೇಡ. ಟೆಸ್ಟ್ ಮಾಡಿ, ಸೈಟನ್ನು ಆ ಫೋಲ್ಡರ್ ಕಡೆ ತಿರುಗಿಸು. ಕೆಟ್ಟರೆ ಹಳೆಯದಕ್ಕೆ ವಾಪಸ್. ಅಷ್ಟೇ.

ಇವತ್ತು ಹಾಗೇ ಮಾಡಿದೆ. ಟೀ ಆರುವಷ್ಟರಲ್ಲಿ ಮುಗಿಯಿತು. ಸೈಟ್ ನಿಲ್ಲಲೇ ಇಲ್ಲ, ಬುಕಿಂಗ್ ಬರುತ್ತಲೇ ಇದ್ದವು. ಖುಷಿಯಾಗಬೇಕಿತ್ತು. ಗೊತ್ತಿಲ್ಲ ಅಂತ ಕೇಳಲು ನಾಚಿಕೊಂಡು, ಒಬ್ಬರ ವರ್ಷದ ಕಾಯಿ ಹಾಳು ಮಾಡಿದೆ. ಅವರ ಹೆಸರು ಕೂಡ.

ನವೆಂಬರ್ 21, ಶುಕ್ರವಾರ. ಸಂಜೆ

ಸಿದ್ದಗಂಗಮ್ಮ ಮತ್ತೆ ಬಂದರು. ಅಟ್ಟದಲ್ಲಿ ಉಳಿದ ಕಾಯಿಗೆ ಸರದಿ ಬೇಕು. ಕಾಯಿ ನೆನೆದಾಗಿನಿಂದ ಮಗ ಅವರನ್ನು ತೋಟದ ಯಾವ ವ್ಯವಹಾರಕ್ಕೂ ಸೇರಿಸುತ್ತಿಲ್ಲವಂತೆ. ಕೈಯಿಟ್ಟರೆ ಕೆಡಿಸುತ್ತೀಯ ಅನ್ನುತ್ತಾನಂತೆ. ಕಲಿತೇ ತೀರಬೇಕು, ಪಕ್ಕದಲ್ಲಿ ಕೂತು ನೋಡು ಅಂದರು.

ಕೂತೆ. ಊರು, ತಾರೀಖು, ಕಾಯಿ ಎಷ್ಟು— ನಿಧಾನಕ್ಕೆ ಒತ್ತಿದರು. ಒಂದೂ ತಪ್ಪಲಿಲ್ಲ. ನಾನು ಏನೂ ಹೇಳಿಕೊಡಬೇಕಾಗಿ ಬರಲಿಲ್ಲ.

"ಈ ಸಲನಾದ್ರೂ ಸರ್ಯಾಗಿ ಒತ್ತಿದ್ನೇನವ್ವ?"

"ಸರಿಯಾಗಿದೆ ಅಮ್ಮ."

ಮುಖ ಅರಳಿತು. "ಕಲ್ತ್‌ಬುಟ್ಟೆ ಅಂತ ಮಗನಿಗೆ ಹೇಳ್ತೀನಿ. ನಿನ್ನ ಹೆಸರೂ ಹೇಳ್ತೀನಿ ಕಣವ್ವ."

ಬಾಗಿಲವರೆಗೆ ಜೊತೆಗೆ ಹೋದೆ. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಬಾಯಿ ತೆರೆದೆ ಕೂಡ. ಅಮ್ಮ, ನೀವು ಅವತ್ತೂ ಸರಿಯಾಗೇ ಒತ್ತಿದ್ದಿರಿ— ಇಲ್ಲಿ ಬರೆದೆ, ಅವರಿಗೆ ಹೇಳಲಿಲ್ಲ.